ರೆಕ್ಕೆಯೊಳಗೊಂದು ರೆಕ್ಕೆ

ನಾನು ವಿಮಾನ ಹತ್ತಿದವನಲ್ಲ, ಕಟ್ಟಿದವನು. ಹೀಗೆಂದರೆ ಚಿಕ್ಕಬಳ್ಳಾಪುರದಲ್ಲಿ ಯಾರೂ ನಂಬುವುದಿಲ್ಲ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಜಿಂಕ್ ಶೀಟಿನ ಛಾವಣಿ ಹೊದಿಸುತ್ತಾ ಬಂದವನ ಮಾತನ್ನು ಯಾಕಾದರೂ ನಂಬಬೇಕು? ಆದರೂ ಕಟ್ಟಿದ್ದು ನಿಜ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಶಿಡ್ಲಘಟ್ಟದ ಒಂದು ಮಹಡಿಯ ಮೇಲೆ, ಕಂಪ್ಯೂಟರಿನ ಆಟದಲ್ಲಿ.

ರೇಷ್ಮೆಗೂಡಿನ ವ್ಯಾಪಾರಸ್ಥರ ಮನೆಯ ಶಬಾನಾ ಅಲ್ಲಿ ಕಂಪ್ಯೂಟರ್ ಸೆಂಟರ್ ತೆರೆದಿದ್ದಳು. ಅದಕ್ಕೆ ಶೀಟು ಹಾಕಲು ನಾನೊಬ್ಬನೇ ಹೋಗಿದ್ದೆ. ಯಾಕೆಂದರೆ ನನಗೂ ತಮ್ಮ ನಾಗರಾಜನಿಗೂ ಮಾತು ನಿಂತಿತ್ತು. ಮೀಸೆ ಮೂಡಿದಾಗಿನಿಂದ ಜೊತೆಯಲ್ಲಿ ಮಾಡಿಕೊಂಡು ಬಂದ ಕೆಲಸವನ್ನು ಮುಂದಿನ ಭಾನುವಾರ ಸೋದರಮಾವನ ಮುಂದೆ ಬೇರೆ ಮಾಡಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಹೆಚ್ಚು ದುಡಿದವನಿಗೆ ಹಳೆಯ ಗಿರಾಕಿಗಳೂ ಕೆಲಸದ ಹೆಸರೂ. ಅದು ನಾನೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಕೆಳಗಿನಿಂದ ಶೀಟು ಎತ್ತಿಕೊಡುವವರಿಲ್ಲದಿದ್ದರೂ ಹಗ್ಗ ಕಟ್ಟಿ ಒಂದೊಂದನ್ನೇ ಎಳೆದುಕೊಂಡು ಹೊದಿಸಿದ್ದೆ. ರಟ್ಟೆ ಬಿದ್ದುಹೋಗಿತ್ತು, ಜಂಬ ಮಾತ್ರ ನಿಂತೇ ಇತ್ತು.

ಸುಧಾರಿಸಿಕೊಳ್ಳಲೆಂದು ಕೂತಾಗ ಶಬಾನಾ ಆ ಆಟ ತೋರಿಸಿದಳು. ಬಿಡಿಭಾಗ ಜೋಡಿಸಿ ನಾವೇ ವಿಮಾನ ಮಾಡಬೇಕು, ಹಾರಿಸಬೇಕು. ನನ್ನ ವಿಮಾನ ಎಮ್ಮೆಯ ಹಾಗೆ ಓಡಿ ಓಡಿ, ರನ್‌ವೇ ಮುಗಿದರೂ ಏಳದೆ ಗೋಡೆಗೆ ಹಾಯಿತು.

“ಇನ್ನೊಂದು ರೆಕ್ಕೆ ಹಾಕಿ ಅಣ್ಣಾ.”

“ಜಾಗ ಎಲ್ಲೈತಮ್ಮ?”

“ಇರೋ ರೆಕ್ಕೆ ಒಳಗೇ ತುರುಕಿ.”

ತುರುಕಿದೆ. ಕಣ್ಣಿಗೆ ಒಂದೇ ರೆಕ್ಕೆ. ವಿಮಾನ ಮಾತ್ರ ಸಲೀಸಾಗಿ ಎದ್ದಿತು.

ಖುಷಿಯಾಗುವ ಬದಲು ನನಗೆ ಸಿಟ್ಟು ಬಂತು. ಶೀಟು ಹೊದಿಸುವಾಗ ನಾವು ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಹತ್ತಿಸುತ್ತೇವೆ. ಅಲ್ಲಿ ಶೀಟು ಎರಡಿದ್ದರೂ ಮುಚ್ಚುವ ಜಾಗ ಒಂದೇ. ಹಾಗಿರುವಾಗ ಒಂದೇ ಗಾಳಿ ಎರಡು ಸಲ ಎತ್ತುವುದು ಹೇಗೆ? “ಇದು ಮೋಸ ಕಣಮ್ಮ,” ಎಂದೆ.

“ಮೋಸ ಅಲ್ಲಣ್ಣ, ಪೆದ್ದುತನ. ಈ ಆಟ ಒಂದೊಂದು ರೆಕ್ಕೇನೂ ಬೇರೆ ಬೇರೆ ಕರೆದು ನೀನೆಷ್ಟು ಎತ್ತೀಯ ಅಂತ ಕೇಳುತ್ತೆ, ಹೇಳಿದ್ದೆಲ್ಲ ಕೂಡಿಸುತ್ತೆ. ಪಕ್ಕದಲ್ಲಿ ಯಾರವ್ರೆ ಅಂತ ನೋಡೋದೇ ಇಲ್ಲ. ನಿಜವಾದ ವಿಮಾನದಲ್ಲಾದ್ರೆ ಅವೆರಡೂ ಸೇರಿ ಒಂದೇ ರೆಕ್ಕೆ.”

ಊರಿಗೆ ಮರಳುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದೇ ಯೋಚನೆ. ಹಳೆಯ ಕಾಲದ ವಿಮಾನಗಳಿಗೆ ಮಹಡಿ ಮನೆಯ ಹಾಗೆ ಮೇಲೊಂದು ಕೆಳಗೊಂದು ರೆಕ್ಕೆ ಇದ್ದುದನ್ನು ಪಠ್ಯಪುಸ್ತಕದ ಚಿತ್ರದಲ್ಲಿ ನೋಡಿದ್ದೆ. ನಡುವೆ ಅಷ್ಟು ಜಾಗ ಬಿಟ್ಟಿದ್ದು ಯಾಕೆಂದು ಈಗ ಹೊಳೆಯಿತು: ತೀರಾ ಹತ್ತಿರವಾದರೆ ಒಂದರ ಗಾಳಿಯನ್ನು ಇನ್ನೊಂದು ಕೆಡಿಸುತ್ತದೆ. ಇನ್ನು ಆಟದ ಪೆದ್ದುತನವೋ, ಅದು ನಮ್ಮಲ್ಲೂ ಉಂಟು. ತಂಗಿಯ ಮದುವೆ ಮುಗಿದ ಮನೆಯಲ್ಲಿ ಮೂವರು ಅಣ್ಣತಮ್ಮಂದಿರನ್ನು ಬೇರೆ ಬೇರೆ ಕರೆದು, ಮದುವೆ ಮಾಡಿಸಿದ್ದು ಯಾರೆಂದು ಕೇಳಿ. ಎಲ್ಲರೂ ಹೇಳಿದ್ದನ್ನು ಕೂಡಿಸಿದರೆ ಒಬ್ಬಳೇ ಹುಡುಗಿಗೆ ಮೂರು ಮದುವೆ ಆಗಿರುತ್ತದೆ.

ಭಾನುವಾರ ಮಾವ ಗೋಡೆಗೊರಗಿ ಕೂತ. “ಏಮಪ್ಪಾ, ನೀನು ಹೇಳು,” ಎಂದ. ನಾನು ಪೆರೇಸಂದ್ರದ ಗೋಡೌನಿನಿಂದ ಹಿಡಿದು ತೊಂಡೇಬಾವಿಯ ರೇಷ್ಮೆಹುಳು ಸಾಕುವ ಮನೆಯವರೆಗೆ ನಾನು ಹಾಕಿದ್ದನ್ನೆಲ್ಲ ಹೇಳಿದೆ. ಆಮೇಲೆ ನಾಗರಾಜ, ತಾನು ಹಾಕಿದ್ದೆಂದು ಅವೇ ಹೆಸರುಗಳನ್ನು ಹೇಳಿದ.

“ಅಲ್ರಪ್ಪಾ, ಹಂಗಾದ್ರೆ ಪೆರೇಸಂದ್ರದಾಗೆ ಎರಡು ಗೋಡೌನ್ ಐತಾ?” ಎಂದ ಮಾವ.

ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದು ಕೇಳಿದಾಗ ವಿಮಾನದ ಕಥೆ ಹೇಳಲೇಬೇಕಾಯಿತು. ನಾಗರಾಜ ಮುಖ ಬಿಗಿದುಕೊಂಡೇ ಕೇಳಿದ.

“ಅದಿರ್ಲಿ, ಶಿಡ್ಲಘಟ್ಟದಾಗೆ ಒಬ್ಬನೇ ಹಾಕ್ದೆಯಂತೆ. ಶೀಟು ಯಾರು ಎತ್ತಿಕೊಟ್ರಣ್ಣಾ?”

“ಹಗ್ಗ.”

“ಹಂಗಾದ್ರೆ ಹಗ್ಗಕ್ಕೂ ಒಂದು ಪಾಲು ಕೊಡು.”

ಮಾವ ನಕ್ಕ, ಅವನೂ ನಕ್ಕ. ಮಾರನೆಯ ದಿನ ಚಿಂತಾಮಣಿಯ ಕೆಲಸಕ್ಕೆ ಇಬ್ಬರೂ ಹೋದೆವು.

ಈಗಲೂ ಬಸ್ಸು ಪೆರೇಸಂದ್ರ ದಾಟುವಾಗ ಹಿಂದಿನ ಸೀಟಿನಲ್ಲಿ ನಾಗರಾಜ ಪಕ್ಕದವರಿಗೆ “ಅದು ನಾನು ಹಾಕಿದ್ದು” ಎಂದು ತೋರಿಸುವುದು ಕೇಳಿಸುತ್ತದೆ. ಮುಂದಿನ ಸೀಟಿನಲ್ಲಿ ನಾನು ನನ್ನ ಪಕ್ಕದವರಿಗೆ ಅದನ್ನೇ ಹೇಳಿ ಮುಗಿಸಿರುತ್ತೇನೆ. ಆ ಇಬ್ಬರು ಪ್ರಯಾಣಿಕರು ಒಂದೇ ಸ್ಟಾಪಿನಲ್ಲಿ ಇಳಿಯದಿದ್ದರೆ ಸಾಕು.