ಬಸಿಯಲ್ಲಿ ತಣ್ಣನೆ ಕಾಫಿ

ವಿಜಯಪುರ ಜಿಲ್ಲೆಯ ನಮ್ಮ ಇಂಡಿಯಲ್ಲಿ ಕಾಫಿ ಕುಡಿಯುವ ಮನೆಗಳು ಕಡಿಮೆ. ಇಲ್ಲಿ ಎಲ್ಲಕ್ಕೂ ಚಹಾ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ನನ್ನ ಟ್ರಂಕಿನಿಂದ ಹೊರಬಂದ ಸ್ಟೀಲಿನ ಫಿಲ್ಟರನ್ನು ಅತ್ತೆ ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಎಣ್ಣೆ ಸೋಸುವುದಾ ಎಂದು ಕೇಳಿದ್ದರು. ನನ್ನ ತವರು ಆಲಮಟ್ಟಿ. ಅಪ್ಪ ಕಾಲುವೆ ಕಚೇರಿಯಲ್ಲಿದ್ದರು, ನಾವು ಕಾಲೊನಿಯ ಕ್ವಾರ್ಟರ್ಸಿನಲ್ಲಿ ಬೆಳೆದೆವು. ಪಕ್ಕದ ಮನೆಗೆ ಹಾಸನದ ಕಡೆಯಿಂದ ವರ್ಗವಾಗಿ ಬಂದ ಕುಟುಂಬವೊಂದು ಅವ್ವನಿಗೆ ಕಾಫಿ ಕಲಿಸಿ ಮತ್ತೆ ವರ್ಗವಾಗಿ ಹೋಯಿತು. ಅವರು ಹೋದರೂ ಕಾಫಿ ನಮ್ಮಲ್ಲಿ ಉಳಿಯಿತು. ಹಾಗಾಗಿ ಈ ಓಣಿಯಲ್ಲಿ ನನ್ನ ಹೆಸರು ‘ಕಾಫಿ ಟೀಚರ್’. ಶಾಲೆಯಲ್ಲಿ ನಾನು ಕಲಿಸುವುದು ಕನ್ನಡ, ಅದನ್ನು ಯಾರೂ ನೆನಪಿಟ್ಟುಕೊಂಡಿಲ್ಲ.

ಕಾಫಿಯ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವಿದೆ. ಬೇಸಿಗೆಯಲ್ಲಿ ಅದು ಇನ್ನೂ ಏರುತ್ತದೆ. ಈಗ ಸಿಂದಗಿ ರಸ್ತೆಯ ಜ್ಯೂಸ್ ಅಂಗಡಿಗಳ ಮುಂದೆಲ್ಲ ‘ಕೋಲ್ಡ್ ಕಾಫಿ’ ಎಂಬ ಬೋರ್ಡು ಬಂದಿದೆ. ಎಲ್ಲಾ ಒಂದೇ ಅಲ್ಲವೇ, ತಣ್ಣಗಿದ್ದರೆ ಸಾಕು ಎಂದು ಯಾರಾದರೂ ಅಂದರೆ ನಾನು ಸುಮ್ಮನಿರುವವಳಲ್ಲ. ಯಾವುದು ಒಲೆ ಕಂಡ ಕಾಫಿ, ಯಾವುದು ಕಾಣದ್ದು, ಯಾವುದರಲ್ಲಿ ಹಾಲು ಮುಂದು, ಯಾವುದರಲ್ಲಿ ಬರೀ ಸಕ್ಕರೆ, ಎಲ್ಲ ಬಿಡಿಸಿ ಹೇಳುವವರೆಗೂ ನನಗೆ ಸಮಾಧಾನವಿಲ್ಲ. ನನ್ನ ಯಜಮಾನರು ಇಂಥ ಹೊತ್ತಿನಲ್ಲಿ ಮೆಲ್ಲಗೆ ಎದ್ದು ನಿಂಬೆ ಮಾರ್ಕೆಟ್ಟಿಗೆ ಹೊರಟುಬಿಡುತ್ತಾರೆ.

ಕಳೆದ ಬೇಸಿಗೆಯಲ್ಲಿ ಈ ನನ್ನ ವಿದ್ಯೆಯನ್ನೆಲ್ಲ ನಾನು ಒಬ್ಬರ ಮೇಲೆಯೇ ಖರ್ಚು ಮಾಡಿದೆ. ಅವರು ನನ್ನ ಅತ್ತೆ.

ಅತ್ತೆಗೆ ಹುಡುಗಿಯಾಗಿದ್ದಾಗಿನಿಂದ ಮಿಶ್ರಿ ತಿಕ್ಕುವ ಚಟ. ಸುಟ್ಟ ತಂಬಾಕಿನ ಕರಿ ಪುಡಿ ಅದು. ಈ ಕಡೆಯ ಹಿರಿಯ ಹೆಂಗಸರು ಹಲ್ಲುಜ್ಜುವ ನೆಪದಲ್ಲಿ ಶುರು ಮಾಡಿ, ಆಮೇಲೆ ನೆಪವನ್ನೂ ಬಿಟ್ಟು ದಿನವಿಡೀ ತಿಕ್ಕುತ್ತಾರೆ. ಆ ಬೇಸಿಗೆಯ ಹಿಂದಿನ ಚಳಿಗಾಲದಲ್ಲಿ ಒಳಗೆನ್ನೆಗೆ ಎದ್ದ ಹುಣ್ಣು ಮಾಯಲಿಲ್ಲ. ಕ್ಯಾನ್ಸರ್ ಗಡ್ಡೆ ಎಂದು ವಿಜಯಪುರದಲ್ಲಿ ಆಪರೇಷನ್ ಆಯಿತು. ಬಳಿಕ ‘ಕರೆಂಟು ಕೊಡುವುದು’ ಎಂದು ನಮ್ಮಲ್ಲಿ ಕರೆಯುವ ವಿಕಿರಣ ಚಿಕಿತ್ಸೆ ನಡೆಯಿತು. ಗಡ್ಡೆ ಹೋಯಿತು, ಆದರೆ ಬಾಯಿ ಮೊದಲಿನಂತೆ ತೆರೆಯಲಿಲ್ಲ. ಒಂದು ಬೆರಳು ತೂರುವಷ್ಟೇ ಸಂದು. ಎಡಗಡೆಯ ತುಟಿ ಜೋತುಬಿದ್ದು, ಏನು ಕುಡಿದರೂ ಅರ್ಧ ಗದ್ದದ ಮೇಲೆ ಇಳಿಯುತ್ತಿತ್ತು. ಅತ್ತೆ ಅಂದಿನಿಂದ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಕೂಡತೊಡಗಿದರು. ಮಗನ ಮುಂದೆಯೂ ಸೆರಗು ತೆಗೆಯುತ್ತಿರಲಿಲ್ಲ.

ಬಿಸಿ ಬೇಡ, ಖಾರ ಬೇಡ, ಹುಳಿಯಂತೂ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರು. ನಿಂಬೆ ತೋಟದ ಮನೆಯಲ್ಲಿ ಹುಟ್ಟಿ ನಿಂಬೆ ತೋಟದ ಮನೆಗೇ ಸೊಸೆಯಾಗಿ ಬಂದ ಹೆಂಗಸಿಗೆ ಹುಳಿ ಬೇಡ ಎಂದರೆ ಅಡುಗೆಯಲ್ಲಿ ಇನ್ನೇನು ಉಳಿಯಿತು. ತಣ್ಣಗಿರುವ, ಹಾಲಿನ ಅಂಶವಿರುವ ಏನಾದರೂ ಹೊಟ್ಟೆಗೆ ಹೋಗಲೇಬೇಕು, ಮುಂದಿನ ಸಲ ಬಂದಾಗ ತೂಕ ಇನ್ನೂ ಇಳಿದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸದೆ ಬೇರೆ ದಾರಿಯಿಲ್ಲ ಎಂದೂ ಹೇಳಿದರು. ವಾಪಸು ಬರುವಾಗ ಗಾಡಿಯಲ್ಲಿ ಅತ್ತೆ ಸೆರಗಿನೊಳಗಿಂದಲೇ ಮಾತಾಡಿದರು.

“ಮೂಗಿನಾಗ ನಳಿಗಿ ಹಾಕ್ಕೊಂಡು ಮಂದಿ ಮುಂದ ಕೂಡಂಗಿಲ್ಲ ನಾ. ಹಂಗ ಬಿಟ್ಟಬಿಡ್ರಿ ನನ್ನ.”

ಹಾಗೇ ಬಿಟ್ಟುಬಿಡಿ ಎಂದರೆ ಏನೆಂದು ನಮಗಿಬ್ಬರಿಗೂ ತಿಳಿಯಿತು. ಯಜಮಾನರು ಗಾಡಿಯನ್ನು ರಸ್ತೆಯ ಪಕ್ಕ ನಿಲ್ಲಿಸಿ ಸ್ವಲ್ಪ ಹೊತ್ತು ಹೊರಗೆ ನಿಂತು ಬಂದರು.

ಬರೀ ಹಾಲು ಕೊಟ್ಟರೆ ಅತ್ತೆ ಮುಖ ತಿರುಗಿಸುತ್ತಿದ್ದರು. ಚಹಾ ಆರಿಸಿ ಕೊಟ್ಟರೆ, ಆರಿದ ಚಹಾ ಕೊಡುವುದು ಬೇಡವಾದವರಿಗೆ ಎಂಬಂತೆ ನನ್ನನ್ನು ನೋಡಿದರು. ಆಗ ನನಗೆ ತಣ್ಣನೆ ಕಾಫಿ ಹೊಳೆಯಿತು. ಹಾಲು ಜಾಸ್ತಿ ಇರಲಿ, ಕಾಫಿ ಹೆಸರಿಗಿರಲಿ ಎಂದು ಡಾಕ್ಟರು ಫೋನಿನಲ್ಲಿ ಒಪ್ಪಿದರು. ಶಾಲೆಗೆ ರಜೆ ಇತ್ತು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ.

ಮೊದಲು ಮಾಡಿದ್ದು ಐಸ್ ಕಾಫಿ. ಬಿಸಿ ಡಿಕಾಕ್ಷನ್ನನ್ನು ಗಟ್ಟಿಯಾಗಿ ಇಳಿಸಿ, ಐಸ್ ತುಂಡುಗಳ ಮೇಲೆ ಸುರಿದು, ತಣ್ಣನೆ ಹಾಲು ಬೆರೆಸುವುದು. ಬಿಸಿನೀರು ಕಂಡದ್ದರಿಂದ ಇದಕ್ಕೆ ಘಮ ಹೆಚ್ಚು. ಆದರೆ ಮೊದಲ ಗುಟುಕಿನಲ್ಲಿದ್ದ ಕಾಫಿ ಕೊನೆಯ ಗುಟುಕಿನಲ್ಲಿ ಇರುವುದಿಲ್ಲ, ಐಸು ಕರಗಿ ನೀರಾಗಿರುತ್ತದೆ. ನಿಧಾನವಾಗಿ ಕುಡಿಯುವವರಿಗೆ ಇದು ಆಗದು ಎಂಬುದು ನನಗೆ ತಿಳಿದಿರಬೇಕಿತ್ತು. ಅತ್ತೆಗೆ ಸ್ಟ್ರಾ ಕೊಟ್ಟೆ, ಕೆನ್ನೆಗೆ ಹೀರುವ ಬಲವಿರಲಿಲ್ಲ. ಚಮಚದಲ್ಲಿ ಕೊಟ್ಟೆ. ಎರಡು ಚಮಚ ಬಾಯಿಗೆ ಹೋಯಿತು. ತೆಳ್ಳಗಾಗಿದೆ ಎಂದು ಹೇಳಿ ಗೋಡೆಯ ಕಡೆಗೆ ಹೊರಳಿದರು.

ಮರುದಿನ ಹೊಡೆದ ಕಾಫಿ. ಇನ್‌ಸ್ಟಂಟ್ ಪುಡಿ, ಸಕ್ಕರೆ, ಒಂದಿಷ್ಟೇ ನೀರು ಬಟ್ಟಲಿಗೆ ಹಾಕಿ, ಕಂದು ಬಣ್ಣ ಬಿಸ್ಕೀಟಿನ ಬಣ್ಣಕ್ಕೆ ತಿರುಗುವ ತನಕ ಚಮಚದಿಂದ ಹೊಡೆಯಬೇಕು. ರಟ್ಟೆ ಬಿದ್ದುಹೋಗುತ್ತದೆ. ಆಮೇಲೆ ತಣ್ಣನೆ ಹಾಲಿನ ಜೊತೆ ಮಿಕ್ಸಿಗೆ. ಇದರಲ್ಲಿ ಘಮ ಕಡಿಮೆ, ನೊರೆ ಜಾಸ್ತಿ, ಕಾಫಿಯ ಒರಟುತನವೆಲ್ಲ ಸಕ್ಕರೆಯಲ್ಲಿ ಅಡಗಿರುತ್ತದೆ. ಮಕ್ಕಳಿಗೆ ಇಷ್ಟವಾಗುವುದು ಇದೇ. ಬಹಳ ಸಿಹಿಯಾಯಿತು ಎಂದರು ಅತ್ತೆ. ಸಕ್ಕರೆ ಕಡಿಮೆ ಮಾಡಿದೆ. ಈಗ ಸಪ್ಪೆ ಎಂದರು.

ಐಸ್‌ಕ್ರೀಮ್ ಹಾಕಿದ ಗಟ್ಟಿ ಕಾಫಿಯನ್ನೂ ಮಾಡಿದೆ. ಬಸವನ ಬಾಗೇವಾಡಿಯಲ್ಲಿ ಕಾಲೇಜಿಗೆ ಹೋಗುವಾಗ ಬಸ್‌ಸ್ಟ್ಯಾಂಡಿನ ಎದುರು ಗೆಳತಿಯರೆಲ್ಲ ಸೇರಿ ಕುಡಿಯುತ್ತಿದ್ದದ್ದು ಅದನ್ನೇ, ಅಲ್ಲ, ತಿನ್ನುತ್ತಿದ್ದದ್ದು. ನಾಲಿಗೆಗೆ ತಣ್ಣಗೆ ಹತ್ತಿ, ಗಂಟಲಿಗೆ ಹೋಗುವಷ್ಟರಲ್ಲಿ ಕಾಫಿ ಎಲ್ಲೋ ಕಳೆದುಹೋಗಿರುತ್ತದೆ. ಇದರಿಂದಲಾದರೂ ತೂಕ ಏರೀತು ಎಂಬ ಆಸೆ ನನಗೆ. ಅತ್ತೆಯ ಬಾಯಿಯ ಸಂದಿನಲ್ಲಿ ಅದು ಸಿಕ್ಕಿಕೊಂಡು, ನುಂಗಲಾಗದೆ, ಕಣ್ಣಲ್ಲಿ ನೀರು ಬಂತು. ಅದನ್ನು ಮತ್ತೆ ಮಾಡಲಿಲ್ಲ.

ಕೊನೆಗೆ ನೆನೆಸಿದ ಕಾಫಿಗೆ ಬಂದೆ. ಬೀಜವನ್ನು ರವೆಯ ಹಾಗೆ ತರಿತರಿಯಾಗಿ ಒಡೆದು, ಮಣ್ಣಿನ ಗಡಿಗೆಯ ನೀರಿನಲ್ಲಿ ಸಂಜೆ ನೆನೆಹಾಕಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸುವುದು. ಒಲೆಯ ಮುಖವನ್ನೇ ಕಾಣದ ಕಾಫಿ. ಬಿಸಿನೀರು ಎಳೆದು ತರುವ ಕಹಿ, ಹುಳಿ ಎರಡೂ ಇದರಲ್ಲಿ ಇಳಿಯುವುದಿಲ್ಲ, ಗಂಟಲು ಕೆರೆಯುವುದಿಲ್ಲ. ಹಾಲು ಬೆರೆಸಿದರೆ ಹುಣ್ಣಿನ ಬಾಯಿಗೂ ಸೌಮ್ಯ. ಮಧ್ಯಾಹ್ನ ಕರೆಂಟು ಹೋಗಿ ಫ್ರಿಜ್ಜು ಬೆಚ್ಚಗಾದರೂ ಗಡಿಗೆಯ ಪಕ್ಕ ಒದ್ದೆ ಬಟ್ಟೆ ಸುತ್ತಿಟ್ಟರೆ ಇದು ಕೆಡುವುದಿಲ್ಲ. ಇದು ಸೋಲುವುದಿಲ್ಲ ಎಂದು ನನಗೆ ಖಾತ್ರಿಯಿತ್ತು.

ಎರಡು ಚಮಚ ಕುಡಿದು ಅತ್ತೆ, ಕಹಿ ಐತಿ ಎಂದರು.

ನನಗೆ ಸಿಟ್ಟೇ ಬಂತು. ಎಲ್ಲದರಲ್ಲಿ ಕಹಿ ಇಲ್ಲದ್ದು ಇದೊಂದೇ. ಅಡುಗೆಮನೆಗೆ ಹೋಗಿ ಕುಡಿದು ನೋಡಿದೆ. ಕಹಿ ಇರಲಿಲ್ಲ. ಆದರೂ ಬಾಯಿ ಅವರದು, ನೋವು ಅವರದು ಎಂದುಕೊಂಡು ಮರುದಿನ ಪುಡಿ ಕಡಿಮೆ ಹಾಕಿದೆ, ಅದರ ಮರುದಿನ ನೆನೆಸುವ ಹೊತ್ತನ್ನು ಕಡಿಮೆ ಮಾಡಿದೆ. ಅತ್ತೆ ದಿನಕ್ಕೊಂದು ತಪ್ಪು ಹೇಳುತ್ತಿದ್ದರು, ನಾನು ದಿನಕ್ಕೊಂದು ತಿದ್ದುತ್ತಿದ್ದೆ. ಅವರ ಬಳೆಗಳು ಮೊಣಕೈ ತನಕ ಜಾರತೊಡಗಿದ್ದವು. ಆಸ್ಪತ್ರೆಗೆ ಹೋಗುವ ದಿನ ಹತ್ತಿರ ಬರುತ್ತಿತ್ತು.

ಅತ್ತೆ ಯಾರನ್ನೂ ಒಳಗೆ ಬಿಡಬೇಡ ಎಂದಿದ್ದರು. ಆ ಯಾರಲ್ಲಿ ಎದುರುಮನೆಯ ಚಾಚಿಯೂ ಸೇರಿದ್ದರು. ಚಾಚಿಯ ಮನೆಯವರದು ನಿಂಬೆಯ ವ್ಯಾಪಾರ. ನಮ್ಮ ಅಂಗಳದಲ್ಲಿ ರಾಶಿ ಹಾಕಿದ ಹಣ್ಣನ್ನು ಅತ್ತೆ, ಚಾಚಿ ಇಬ್ಬರೂ ಎದುರುಬದುರು ಕೂತು ಆರಿಸುತ್ತಾ ಮುದುಕಿಯರಾಗಿದ್ದರು. ನಾಲ್ಕು ಗಂಟೆಗೆ ಇಬ್ಬರಿಗೂ ಸೇರಿ ಒಂದೇ ಕಪ್ಪು ಚಹಾ. ಅರ್ಧ ಕಪ್ಪಿನಲ್ಲಿ ಉಳಿಸಿ, ಅರ್ಧವನ್ನು ಬಸಿಗೆ, ಅಂದರೆ ಕಪ್ಪಿನ ಕೆಳಗಿನ ತಟ್ಟೆಗೆ ಸುರಿಯುವುದು. ಕಪ್ಪು ಬಂದವರಿಗೆ, ಬಸಿ ಮನೆಯವರಿಗೆ. ಒಬ್ಬೊಬ್ಬರಿಗೆ ಒಂದೊಂದು ಕಪ್ಪು ಮಾಡಲೇ ಎಂದು ನಾನು ಹೊಸದರಲ್ಲಿ ಕೇಳಿ, ಇಬ್ಬರಿಂದಲೂ ನಗಿಸಿಕೊಂಡಿದ್ದೆ.

ಆಪರೇಷನ್ ಆದ ಮೇಲೆ ಚಾಚಿ ಬಂದಾಗಲೆಲ್ಲ ಅತ್ತೆ ಮಲಗಿದ್ದಾರೆ ಎಂದು ಹೇಳಿ ಬಾಗಿಲಿನಿಂದಲೇ ಕಳಿಸುವ ಕೆಲಸ ನನ್ನದಾಗಿತ್ತು. ರಂಜಾನ್ ಹಬ್ಬಕ್ಕೆ ಅವರು ಕಳಿಸಿದ ಸುರಕುಂಬಾ ಪಾಯಸದ ಡಬ್ಬಿಯನ್ನು ಅತ್ತೆ ತೆರೆದೂ ನೋಡಲಿಲ್ಲ. ಚಾಚಿ ಬರುವುದನ್ನು ನಿಲ್ಲಿಸಿದರು. ಆದರೆ ಒಂದು ಮಧ್ಯಾಹ್ನ, ನಾನು ಗ್ಲಾಸಿಗೆ ಕಾಫಿ ಹಾಕಿ ಅತ್ತೆಯ ಮುಂದೆ ಹಿಡಿದುಕೊಂಡು ಬೇಡಿಕೊಳ್ಳುತ್ತಿರುವಾಗ, ಬಾಗಿಲು ತಳ್ಳಿಕೊಂಡು ಒಳಗೇ ಬಂದುಬಿಟ್ಟರು. ಓಣಿಯಲ್ಲಿ ಯಾರೋ ನಳಿಗೆಯ ಸುದ್ದಿ ಹೇಳಿದ್ದರಂತೆ.

ಅತ್ತೆ ಸೆರಗನ್ನು ಕಣ್ಣಿನ ತನಕ ಎಳೆದುಕೊಂಡರು. ಚಾಚಿ ಹೇಗಿದ್ದೀಯ ಎಂದೂ ಕೇಳದೆ ಮಂಚದ ಪಕ್ಕ ನೆಲದ ಮೇಲೆ ತಮ್ಮ ಹಳೆಯ ಜಾಗದಲ್ಲಿ ಕೂತರು. ನನ್ನ ಕೈಯಲ್ಲಿದ್ದ ಎತ್ತರದ ಗ್ಲಾಸನ್ನೂ ಸ್ಟ್ರಾವನ್ನೂ ನೋಡಿ, ಇದು ದವಾಖಾನೆಯ ಸಾಮಾನು, ಕಪ್ಪು ಬಸಿ ತಾ ಎಂದರು. ಇದು ಮೊದಲೇ ತಣ್ಣಗಿದೆ ಚಾಚಿ, ಬಸಿಗೆ ಹಾಕಿ ಆರಿಸುವ ಕೆಲಸವಿಲ್ಲ ಎಂದೆ.

“ಆರಸಾಕಲ್ಲವ್ವಾ,” ಎಂದರು ಚಾಚಿ. “ಹಂಚಾಕ.”

ಮೇಲಿನ ಹಲಗೆಯಿಂದ ಧೂಳು ಹಿಡಿದ ಕಪ್ಪು ಬಸಿ ಇಳಿಸಿ ತೊಳೆದು ತಂದೆ. ಚಾಚಿ ಕಾಫಿಯನ್ನು ಕಪ್ಪಿಗೆ ಹಾಕಿಸಿಕೊಂಡು, ಅರ್ಧವನ್ನು ಬಸಿಗೆ ಸುರಿದರು. ಐಸಿಲ್ಲ, ನೊರೆಯಿಲ್ಲ, ಚಹಾದ ಹಾಗೆಯೇ ಅಂಚಿನ ತನಕ ಹರಡಿ ನಿಂತಿತು. ಬಸಿಯನ್ನು ಅತ್ತೆಯ ಕಡೆ ಹಿಡಿದು ತಾವು ಕಪ್ಪನ್ನು ಬಾಯಿಗಿಟ್ಟರು. ಬಂದವರ ಕೈಯಿಂದ ಬಸಿಯನ್ನು ತಳ್ಳುವುದು ಅತ್ತೆಯ ಜನ್ಮದಲ್ಲಿ ಇರಲಿಲ್ಲ. ಎರಡೂ ಕೈಯಿಂದ ಹಿಡಿದರು. ಗ್ಲಾಸಿನ ಬಾಯಿಗೆ ತೆರೆಯದ ತುಟಿಯ ಸಂದಿಗೆ ಬಸಿಯ ತೆಳ್ಳನೆಯ ಅಂಚು ಸಲೀಸಾಗಿ ಹೋಯಿತು. ಸುರ್ರೆಂದು ಎಳೆದರು. ಒಂದಿಷ್ಟು ಗದ್ದದ ಮೇಲೆ ಇಳಿಯಿತು. ಚಾಚಿ ತಮ್ಮ ಓಢಣಿಯ ತುದಿಯಿಂದ, ನಿಂಬೆಹಣ್ಣಿನ ಮಣ್ಣು ಒರೆಸುವ ಹಾಗೆ, ಒರೆಸಿದರು. ಅತ್ತೆ ಮತ್ತೆ ಎಳೆದರು. ಬಸಿ ಖಾಲಿಯಾಯಿತು.

ಅಷ್ಟೂ ದಿನ ಎರಡು ಚಮಚ ದಾಟದವರು ಅವರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಚಾಚಿ ಹೆಂಗೈತಿ ಎಂದು ಕೇಳಿದರು. ನಾನು ಸನಿಹದಲ್ಲೇ ಇದ್ದುದನ್ನು ಅತ್ತೆ ಮರೆತಿದ್ದರೋ, ಮರೆಯದೆಯೇ ಹೇಳಿದರೋ, ನನಗಿನ್ನೂ ಗೊತ್ತಿಲ್ಲ.

“ಏನ ಹೇಳಲಿ. ಕರೆಂಟ ಕೊಟ್ಟಾಗಿಂದ ನಾಲಿಗಿ ಸತ್ತೈತಿ. ನೀರಿಗೂ ಹಾಲಿಗೂ ಫರಕ ಗೊತ್ತಾಗಂಗಿಲ್ಲ. ಈಕಿ ದಿನಾ ಒಂದ ನಮೂನಿ ಮಾಡಿ, ನನ್ನ ಮಾರಿ ನೋಡಕೋತ ನಿಂದರತಾಳ. ಏನರ ಅನಬೇಕಲ್ಲ, ಕಹಿ ಅಂತಿದ್ನಿ, ಸಪ್ಪ ಅಂತಿದ್ನಿ.”

ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ. ಸಿಟ್ಟಿನಿಂದ ಎಂದು ಮೊದಲು ಅಂದುಕೊಂಡೆ. ಸಿಟ್ಟಾಗಿರಲಿಲ್ಲ. ಮಣ್ಣು ನುಂಗಿದರೂ ಗೊತ್ತಾಗದ ನಾಲಿಗೆ ಇಟ್ಟುಕೊಂಡು ಆ ಹೆಂಗಸು ನನ್ನ ಕಾಫಿಗೆ ದಿನವೂ ಒಂದು ರುಚಿ ಹುಡುಕಿ ಹೇಳಿದ್ದರು. ರುಚಿಯೇ ಇಲ್ಲ ಎಂದು ಒಂದು ಸಲ ಹೇಳಿದ್ದರೆ ನಾನು ಕೈಬಿಡುತ್ತಿದ್ದೆ, ಅದು ಅವರಿಗೆ ತಿಳಿದಿತ್ತು. ಬದುಕುವ ಮನಸ್ಸಿಲ್ಲ ಎನ್ನುತ್ತಿದ್ದವರು ನನ್ನ ಪ್ರಯತ್ನವನ್ನು ಮಾತ್ರ ಸಾಯಲು ಬಿಟ್ಟಿರಲಿಲ್ಲ.

ಚಾಚಿ ಮರುದಿನವೂ ಬಂದರು, ಅದರ ಮರುದಿನವೂ. ನಾಲ್ಕು ಗಂಟೆಗೆ ಒಂದು ಕಪ್ಪು, ಅರ್ಧ ಅರ್ಧ. ಆಮೇಲೆ ಬೆಳಗ್ಗೆಯೂ ಒಂದು ಸಲ ಶುರುವಾಯಿತು. ಕೆನೆ, ಗೋಡಂಬಿಯ ಪುಡಿ, ಡಾಕ್ಟರು ಕೊಟ್ಟ ಡಬ್ಬಿಯ ಪುಡಿ, ಎಲ್ಲವನ್ನೂ ನಾನು ಆ ನೆನೆಸಿದ ಕಾಫಿಯಲ್ಲೇ ಕರಗಿಸಿ ಸೋಸಿದೆ. ಅತ್ತೆಯ ಅರ್ಧದಲ್ಲಿ ಎಷ್ಟು ಹೋಗುತ್ತಿತ್ತೋ ಚಾಚಿಯ ಅರ್ಧದಲ್ಲೂ ಅಷ್ಟೇ ಹೋಗುತ್ತಿತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ಚಾಚಿ ದಪ್ಪಗಾದರು ಎಂದು ಓಣಿಯವರು ಕಾಡಿಸಿದರು, ಅವರೂ ನಕ್ಕರು.

ಆಸ್ಪತ್ರೆಯ ದಿನ ಬಂತು. ಅತ್ತೆ ತಕ್ಕಡಿಯ ಮೇಲೆ ನಿಂತಾಗ ನಾನು ಕಣ್ಣು ಮುಚ್ಚಿದ್ದೆ. ತೂಕ ಇಳಿದಿರಲಿಲ್ಲ. ಹೆಚ್ಚೇನೂ ಏರಿಯೂ ಇರಲಿಲ್ಲ, ಆದರೆ ನಳಿಗೆ ಬೇಡ, ಹೀಗೇ ನಡೆಯಲಿ ಎಂದರು ಡಾಕ್ಟರು. ನಾಲಿಗೆಯ ರುಚಿ ಯಾವಾಗ ಬರುತ್ತದೆ ಎಂದು ನಾನು ಅತ್ತೆಗೆ ಕೇಳಿಸದ ಹಾಗೆ ಡಾಕ್ಟರನ್ನು ಹೊರಗೆ ಕರೆದು ವಿಚಾರಿಸಿದೆ. ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ಬರುವುದೇ ಇಲ್ಲ ಎಂದರು.

ಮನೆಗೆ ಬಂದು ಮುಖ ತೊಳೆದು ಕಾಫಿ ಬೆರೆಸಿದೆ. ಅತ್ತೆ ಬಸಿ ಖಾಲಿ ಮಾಡಿ ನನ್ನ ಕಡೆ ನೋಡಿದರು. ನಾಲಿಗೆ ಸತ್ತ ವಿಷಯ ನನಗೆ ಗೊತ್ತಿದೆ ಎಂಬುದು ಅಷ್ಟರಲ್ಲಿ ಅವರಿಗೂ ಗೊತ್ತಾಗಿತ್ತು. ಆದರೂ ನಾನು ಹೇಗಾಗಿದೆ ಎಂದು ಕೇಳಿದೆ.

“ಇವತ್ತ ಸಕ್ಕರಿ ಒಂಚೂರ ಕಡಿಮಿ ಆತು ನೋಡು,” ಎಂದರು ಅತ್ತೆ.

ನಾನು ಒಳಗೆ ಹೋಗಿ ಸಕ್ಕರೆಯ ಡಬ್ಬಿ ತಂದೆ.