ಹೆಸರುಕಾಳು ಬಣ್ಣದ ಸೂರ್ಯ

ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ ಮನೆ ತೋರಿಸುತ್ತಿದ್ದ ಏಜೆಂಟು, "ಮನೆ ಪೂರ್ತಿ ನಿಮ್ಮದು, ಸೂರ್ಯ ಮಾತ್ರ ಅರ್ಧ" ಎಂದಾಗ ನನಗೆ ಇಂಗ್ಲಿಷು ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು. ತಲೆಯೆತ್ತಿ ನೋಡಿದೆ. ವಿಕ್ಟೋರಿಯಾ ರಾಣಿಯ ಕಾಲದ ಜೋಡಿಮನೆ. ನಡುವೆ ಒಂದೇ ಗೋಡೆ, ಮೇಲೆ ಒಂದೇ ಸೂರು. ಸೂರಿನ ಕೆಳಗಿನ ತ್ರಿಕೋನದಲ್ಲಿ ಮರದಲ್ಲಿ ಕೆತ್ತಿದ ಸೂರ್ಯ, ಮುಖ, ಕಿರಣಗಳ ಸಮೇತ. ಗಡಿ ಅವನ ಮೂಗಿನ ಮೇಲೆ ಹಾದುಹೋಗಿತ್ತು. ಎಡಗೆನ್ನೆ ನಮ್ಮದು, ಬಲಗೆನ್ನೆ ಪಕ್ಕದ ಮನೆಯ ವಾಲ್ಟರ್ ಎಂಬ ನಿವೃತ್ತ ಬಡಗಿಯದು.

ನಮ್ಮ ಹುಬ್ಬಳ್ಳಿಯಲ್ಲಿ ಅಂಗಳ ಪಾಲಾಗುತ್ತದೆ, ಬಾವಿ ಪಾಲಾಗುತ್ತದೆ. ಸೂರ್ಯದೇವರನ್ನು ಪಾಲು ಮಾಡಿದ್ದನ್ನು ಇಲ್ಲಿಯೇ ಕಂಡೆ.

ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಹೋಳಿಗೆ ಮಾಡಿ ಮಾರಿ ಮೇಲೆ ಬಂದವಳು ನಾನು, ಚೌಕಾಸಿಗೆ ಹೆದರುವವಳಲ್ಲ. ಆದರೂ ಇಲ್ಲಿ ಮನೆ ಕೊಳ್ಳುವವರಿಗೆ ಒಂದು ಮಾತು: ಗೋಡೆ ನೋಡುವ ಮೊದಲು ಗೋಡೆಯಾಚೆ ಇರುವವರನ್ನು ನೋಡಿ. ನಾನು ನೋಡಿರಲಿಲ್ಲ.

ಗೃಹಪ್ರವೇಶಕ್ಕೆ ಎಂಟು ದಿನ ಉಳಿದಿತ್ತು. ಸಾರುವೆ ಕಟ್ಟಿಸಿ, ಅರಿಸಿನ ಬಣ್ಣದ ಡಬ್ಬಿ ತರಿಸಿದ್ದೆ. ವಾಲ್ಟರ್ ಅಡ್ಡ ಬಂದರು. ಇಲ್ಲಿ ಮುದುಕರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ನಾಲಿಗೆ ಏಳದೆ ‘ಅಜ್ಜ’ ಎನ್ನುತ್ತಿದ್ದೆ.

"ಮನೆ ಕಟ್ಟಿದಾಗ ಯಾವ ಬಣ್ಣವಿತ್ತೋ ಅದನ್ನೇ ಹಚ್ಚಬೇಕು," ಎಂದರು.

"ನನ್ನರ್ಧಕ್ಕೆ ನಾನು ಹಳದಿ ಹಚ್ಚುತ್ತೇನೆ, ಅಜ್ಜ."

"ಹಚ್ಚಿಕೊಳ್ಳಿ. ನನ್ನರ್ಧ ಈಗಿನ ಬೂದುಬಣ್ಣದಲ್ಲೇ ಇರುತ್ತದೆ."

ಸಾರುವೆಯ ಕೆಳಗೆ ನಿಂತಿದ್ದ ನಮ್ಮ ಯಜಮಾನರು ಕೂಗಿದರು: "ಗೃಹಪ್ರವೇಶದ ದಿನಾನ ಸೂರ್ಯಾಗ ಗ್ರಹಣ ಹಿಡಿಸ್ತಿ ಏನ?"

ಸಂಧಾನಕ್ಕಿಳಿದೆ. ಹಳೆಯ ಬಣ್ಣ ಕೆರೆಯುವುದು. ತಳದಲ್ಲಿ ಸಿಕ್ಕಿದ ಬಣ್ಣ ಇಬ್ಬರಿಗೂ. ಸೂರ್ಯ ಅಂದಮೇಲೆ ತಳದಲ್ಲಿ ಹಳದಿ ಇರದೆ ಮತ್ತೇನಿರುತ್ತದೆ ಎಂಬ ಧೈರ್ಯ ನನ್ನದು. ಅಂದಹಾಗೆ, ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ. ನೀರು ಚಿಮುಕಿಸಿ, ಒಳ್ಳೆಯ ಮಾಸ್ಕು ಹಾಕಿಕೊಂಡೇ ಕೆರೆಯಿರಿ.

ಅಜ್ಜ ನಮ್ಮ ಎಡಗೆನ್ನೆಯ ಮೇಲೆ ರೂಪಾಯಿಯಗಲ ಕೆರೆದರು. ಬೂದು ಹೋಯಿತು, ಬಿಳಿ ಹೋಯಿತು, ಗುಲಾಬಿ ಹೋಯಿತು. ಕೊನೆಗೆ ಬಂದದ್ದು ಬೇಯಿಸಿದ ಹೆಸರುಕಾಳಿನ ಬಣ್ಣ.

"ಅದು ಕೊಳೆ. ಇನ್ನೂ ಕೆರೆಯಿರಿ," ಎಂದೆ.

ಕೆರೆದರು. ಮರ ಬಂತು.

"ನಿಮ್ಮ ಕಡೆಯದೂ ನೋಡೋಣ."

ಅಲ್ಲೂ ಹೆಸರುಕಾಳು.

"ಆ ಕಾಲದವರಿಗೆ ಇಂಥ ಬಣ್ಣಗಳೇ ಇಷ್ಟ," ಎಂದು ಅಜ್ಜ ನಕ್ಕರು. ಮುದುಕನಿಗೆ ಮೊದಲೇ ಗೊತ್ತಿತ್ತು! ಮಾತು ಕೊಟ್ಟಾಗಿತ್ತು, ಅದನ್ನೇ ಹಚ್ಚಿದೆವು. ಸೋತ ಸಿಟ್ಟಿಗೆ ನಮ್ಮ ಕಡೆಯ ಮುರಿದ ಎರಡು ಕಿರಣಗಳನ್ನು ಅವರ ಕೈಯಿಂದಲೇ ಕೆತ್ತಿಸಿಕೊಂಡೆ, ಪುಕ್ಕಟೆ.

ಗೃಹಪ್ರವೇಶಕ್ಕೆಂದು ಹುಬ್ಬಳ್ಳಿಯಿಂದ ಬಂದಿದ್ದ ದೊಡ್ಡವ್ವ ಕಾರಿನಿಂದ ಇಳಿದವಳೇ ಮೇಲೆ ನೋಡಿದಳು. "ಏನವಾ ಇದು, ಸೂರ್ಯಾಗ ಬೂಸರ ಬಂದೈತಲ್ಲ!"

"ನಮ್ಮ ಸೂರ್ಯಾ ಮೊದಲಿಂದನೂ ಹಿಂಗ ಅದಾನ, ದೊಡ್ಡವ್ವಾ," ಎಂದು ರೇಗಿದೆ. ಹೇಳಿದ ಮೇಲೆ ನನಗೇ ಆಶ್ಚರ್ಯ. ನಮ್ಮ ಮುತ್ತಜ್ಜನೇ ಏಣಿ ಹತ್ತಿ ಅವನಿಗೆ ಮೊಳೆ ಹೊಡೆದಂತೆ ಆಡಿದ್ದೆ.

"ಏನಂದರು?" ಬೇಲಿಯಾಚೆಯಿಂದ ಅಜ್ಜ ಕೇಳಿದರು.

"ಬಣ್ಣ ಬಹಳ ಚೆನ್ನಾಗಿದೆಯಂತೆ."

"ಇವರಿಗೆ ಹಳೆಯದರ ಬೆಲೆ ಗೊತ್ತು," ಎಂದು ಅಜ್ಜ ಅವಳಿಗೆ ತಲೆಬಾಗಿದರು.

"ಏನಂತಾನವಾ ಆ ಮುದುಕ?"

"ಮುಂದಿನ ಸಲ ಹಳದಿ ಹಚ್ಚೂಣು ಅಂತಾರ."

ದೊಡ್ಡವ್ವ ಸಮಾಧಾನದಿಂದ ಒಳಗೆ ಹೋದಳು. ಅಜ್ಜ ಬೀಗುತ್ತ ತಮ್ಮ ಬಾಗಿಲಿಗೆ ಹೋದರು. ನಾನೊಬ್ಬಳೇ ಫುಟ್‌ಪಾತಿನಲ್ಲಿ ನಿಂತು ಮತ್ತೊಮ್ಮೆ ತಲೆಯೆತ್ತಿದೆ. ನಿಜ ಹೇಳಬೇಕೆಂದರೆ, ಸೂರ್ಯ ಬೂಷ್ಟು ಹಿಡಿದವನಂತೆಯೂ ಕಂಡ, ನಮ್ಮವನಂತೆಯೂ ಕಂಡ.