ತಾಮ್ರದ ಚೊಂಬು ಮತ್ತು ರಬ್ಬರ್ ಹಾಲು

ಪುತ್ತಿಗೆಯಲ್ಲಿ ಅಜ್ಜನ ಬಳಿ ಸಂಸ್ಕೃತ ವ್ಯಾಕರಣ ಓದಿದ ಮೇಲೆ ನಾನು ರಸಾಯನಶಾಸ್ತ್ರಕ್ಕೆ ಹೋದೆ. ಮನೆಯಲ್ಲಿ ಯಾರೂ ಆಕ್ಷೇಪಿಸಲಿಲ್ಲ. ಎರಡು ಶಾಸ್ತ್ರಗಳಲ್ಲಿಯೂ ಅಪವಾದಗಳನ್ನು ಬಾಯಿಪಾಠ ಮಾಡುವ ಕೆಲಸವೇ ಹೆಚ್ಚಾದುದರಿಂದ ನನಗೂ ಅದು ಹೊಸತೆನಿಸಲಿಲ್ಲ.

ಅರುವತ್ತರ ದಶಕದಲ್ಲಿ ಸಂಶೋಧನೆಗೆ ನನಗೆ ದೊರೆತ ವಿಷಯ ರಬ್ಬರ್. ಅದು ಸರಪಣಿಯಂತೆ ಉದ್ದಕ್ಕೆ ಕೋದುಕೊಂಡ ಅಣುಗಳ ವಸ್ತು. ಸರಪಣಿ ತುಂಡಾದರೆ ಬೆಲ್ಲದ ಪಾಕದಂತೆ ಅಂಟತೊಡಗುತ್ತದೆ. ಏಕೆ ತುಂಡಾಗುತ್ತದೆಂದು ನಾನು ಹೇಳಬೇಕಿತ್ತು. ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ ನನ್ನ ಸೋದರಮಾವನಿಗೆ ರಬ್ಬರ್ ತೋಟವಿತ್ತು. ಹಲವು ತಿಂಗಳು ಅಲ್ಲಿಯೇ ಉಳಿದೆ. ಮಾವನ ಮರಗಳ ಹಾಲನ್ನೂ ನೆರೆಯವರ ಮರಗಳ ಹಾಲನ್ನೂ ಬೇರೆ ಬೇರೆ ಸಂಗ್ರಹಿಸಿ, ಬೇಗನೆ ಹೆಪ್ಪುಗಟ್ಟದಿರಲೆಂದು ಸ್ವಲ್ಪ ಅಮೋನಿಯಾ ಬೆರೆಸಿ, ಬಳಿಕ ಆ್ಯಸಿಡ್ ಹಾಕಿ ಶೀಟು ಮಾಡುತ್ತಿದ್ದೆ. ನೆರೆಯವರ ಶೀಟು ಗಟ್ಟಿಯಾಗಿಯೇ ಉಳಿಯಿತು. ಮಾವನದು ಕೆಲವೇ ವಾರಗಳಲ್ಲಿ ಅಂಟಿತು.

ಮಳೆ, ಬಿಸಿಲು, ಮರದ ಪ್ರಾಯ, ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿತ್ತು. ಮಾವನ ತೋಟದ ಮಣ್ಣೇ ಕಾರಣವೆಂದು ಒಂದು ಅಧ್ಯಾಯ ಬರೆದೆ. ಇಡೀ ಪ್ರಬಂಧ ನಿಂತಿದ್ದುದು ಆ ಅಧ್ಯಾಯದ ಮೇಲೆ.

ಅದನ್ನು ಸಂಶೋಧನೆಯ ಗುರುಗಳಿಗೆ ಒಪ್ಪಿಸುವ ಮುನ್ನಾದಿನ ಅತ್ತೆ ದೇವರ ಪಾತ್ರೆಗಳನ್ನು ತೊಳೆಯುತ್ತಾ ಹೇಳಿದರು: "ನೀನು ಬಂದಲ್ಲಿಂದ ನನಗೆ ಹುಣಸೆಹುಳಿಯ ಖರ್ಚೇ ಇಲ್ಲ ಮಾರಾಯ. ನಿನ್ನ ರಬ್ಬರ್ ಹಾಲಿಗೆ ಚೊಂಬು ತನ್ನಷ್ಟಕ್ಕೇ ಬೆಳಗುತ್ತದೆ."

ಆ ಮನೆಯಲ್ಲಿ ಯಾವ ಬೆಳೆಯಾದರೂ ಮೊದಲು ದೇವರಿಗೆ. ದಿನವೂ ಮಾವನ ಮರಗಳ ಬಾಲ್ದಿಯಿಂದ ಒಂದು ತಾಮ್ರದ ಚೊಂಬು ರಬ್ಬರ್ ಹಾಲು ದೇವರ ಮುಂದೆ ಹೋಗಿ, ಮಂಗಳಾರತಿಯಾದ ಬಳಿಕ ಬಾಲ್ದಿಗೆ ಮರಳುತ್ತಿತ್ತು. ದಿನವೂ ನೋಡಿದ್ದೆ, ಕೈಮುಗಿದಿದ್ದೆ. ಬರೆದುಕೊಂಡಿರಲಿಲ್ಲ. ಸೂರ್ಯ ಮೂಡಿದ್ದನ್ನೂ ನಾನು ಬರೆದುಕೊಂಡಿರಲಿಲ್ಲ.

ಹಾಲಿಗೆ ನಾನು ಬೆರೆಸಿದ ಅಮೋನಿಯಾ ತಾಮ್ರವನ್ನು ಕರಗಿಸುತ್ತದೆ. ಕರಗಿದ ತಾಮ್ರ ಎಳ್ಳಷ್ಟಿದ್ದರೂ ಸಾಕು, ತಾನು ಸವೆಯದೆ ಕ್ರಿಯಾವರ್ಧಕವಾಗಿ ನಿಂತು ರಬ್ಬರಿನ ಸರಪಣಿಯನ್ನು ಕಡಿಸುತ್ತಲೇ ಇರುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಅಂಕ ಪಡೆದಿದ್ದೆ.

ಮರುದಿನ ಗುರುಗಳು ಬಿ.ಸಿ.ರೋಡಿನಲ್ಲಿ ಬಸ್ಸು ಬದಲಿಸುವವರಿದ್ದರು. ಅಲ್ಲಿಯ ಹೋಟೆಲಿನಲ್ಲಿ ಅವರಿಗೆ ಕಾಫಿ ಬಂದ ಮೇಲೆ ಹೇಳಿದೆ.

"ಅಧ್ಯಾಯ ತಪ್ಪು ಸರ್. ಕಾರಣ ಮಣ್ಣಲ್ಲ, ತಾಮ್ರ."

"ತಾಮ್ರ ಎಲ್ಲಿಂದ ಬಂತು?"

"ನೈವೇದ್ಯದಿಂದ."

ಅವರು ಲೋಟವನ್ನು ಕೆಳಗಿಟ್ಟರು. "ಹಾಲು ಅದರಲ್ಲಿ ಎಷ್ಟು ಹೊತ್ತು ಇರುತ್ತದೆ?"

"ಮಂಗಳಾರತಿಯವರೆಗೆ."

"ನಿಮಿಷದಲ್ಲಿ ಹೇಳಿ."

"ಏಕಾದಶಿಯಂದು ಜಾಸ್ತಿ ಸರ್."

"ಅಳೆಯಿರಿ. ಮತ್ತೆ, ಅದೇ ಮರಗಳ ಹಾಲಿನಿಂದ ತಾಮ್ರ ಮುಟ್ಟದ ಒಂದು ಶೀಟು ಬೇಕು. ಅದಿಲ್ಲದೆ ಪ್ರಬಂಧವಿಲ್ಲ."

ಬಸ್ಸು ಬಂತು, ಅವರು ಹತ್ತಿದರು.

ಅಳೆಯುವುದು ಸುಲಭವಾಯಿತು. ಗಡಿಯಾರ ಹಿಡಿದು ಪೂಜೆಗೆ ಕುಳಿತೆ. "ಇವತ್ತು ಅರ್ಧ ಗಂಟೆ ಆಗಬಹುದಾ ಮಾವ?" ಎಂದರೆ ಮಾವ ಇನ್ನೊಂದು ಸ್ತೋತ್ರ ಸೇರಿಸುತ್ತಿದ್ದರು. ನನ್ನ ಭಕ್ತಿ ಹೆಚ್ಚಿದೆಯೆಂದು ಪುತ್ತಿಗೆಗೆ ಕಾಗದವನ್ನೂ ಬರೆದರು. ಪೂಜೆ ದೀರ್ಘವಾದಷ್ಟೂ ಶೀಟು ಬೇಗ ಅಂಟಿತು.

ಉಳಿದದ್ದು ತಾಮ್ರ ಮುಟ್ಟದ ಶೀಟು. ನೈವೇದ್ಯವಾಗದ ಒಂದು ತುತ್ತೂ ಒಳಗೆ ಬಾರದ ಮನೆಯಲ್ಲಿ ಅದನ್ನು ಕೇಳುವುದು ಹೇಗೆ? ಕೊನೆಗೆ ಒಂದು ದಿನ ಮಾವನಿಗೆ ಇದ್ದದ್ದನ್ನೆಲ್ಲ ಹೇಳಿದೆ. ಮಾವ ಜಪ ಮುಗಿಸಿ ಮಾತನಾಡಿದರು.

"ದೇವರಿಗೆ ಕೊಡದೆ ಆಗುವುದಿಲ್ಲ."

"ಹೌದು ಮಾವ."

"ದನದ ಹಾಲನ್ನು ತಾಮ್ರದಲ್ಲಿ ಇಡಬಾರದೆಂದು ಶಾಸ್ತ್ರ ಉಂಟು, ನಿನಗೂ ಗೊತ್ತುಂಟು. ಮರದ್ದು ಹಾಲಿನ ಲೆಕ್ಕಕ್ಕೆ ಬರುವುದಿಲ್ಲ ಅಂತ ನಾನೇ ಗ್ರಹಿಸಿದೆ. ಹಾಳಾಗುವ ವಸ್ತುವನ್ನು ಹಾಳು ಮಾಡುವ ಪಾತ್ರೆಯಲ್ಲಿ ಕೊಟ್ಟೆ. ತಪ್ಪು ನನ್ನದು."

ಎದ್ದು ಹಿತ್ತಿಲಿಗೆ ಹೋಗಿ ಬಾಳೆಲೆ ಕೊಯ್ದು ತಂದು ದೊನ್ನೆ ಕಟ್ಟಿದರು. ಅಂದಿನ ನೈವೇದ್ಯ ದೊನ್ನೆಯಲ್ಲಿ ಆಯಿತು.

ಆ ಶೀಟು ಅಂಟಲಿಲ್ಲ. ಪ್ರಬಂಧ ಒಪ್ಪಿಗೆಯಾಯಿತು. ಮುಂದಿನ ನನ್ನ ಕೆಲಸವೆಲ್ಲ ಕ್ರಿಯಾವರ್ಧಕಗಳ ಸುತ್ತಲೇ ನಡೆಯಿತು. ತಾಮ್ರದ ಚೊಂಬು ಮಾತ್ರ ಮೊದಲಿನಂತೆ ಕಂದತೊಡಗಿತು.

"ನಿನಗೆ ಪದವಿ, ನನಗೆ ಪುನಃ ಹುಣಸೆಹುಳಿ" ಎಂದರು ಅತ್ತೆ.

ಆಮೇಲೆ ಲಾಯಿಲಕ್ಕೆ ಹೋದಾಗಲೆಲ್ಲ ಆ ಚೊಂಬನ್ನು ಬೆಳಗುವುದು ನನ್ನ ಪಾಲಿಗೆ ಬಂತು.